ಮನೆಯ ಇಂಟರ್‌ನೆಟ್‌ನಲ್ಲಿ ಪ್ಯಾಕೆಟ್ ನಷ್ಟ: ಸೋರುವ ಜಾಗವನ್ನು ಹುಡುಕುವ ಕ್ರಮ



ನಮ್ಮ ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ತಾಲ್ಲೂಕುಗಳ ಹಳ್ಳಿಗಳಲ್ಲಿ ಇಂಟರ್‌ನೆಟ್ ಎಂಬುದು ಈಗ ಪೇಟೆಯವರ ವಿನೋದದ ವಸ್ತುವಾಗಿ ಉಳಿದಿಲ್ಲ. ಪಹಣಿ ತೆಗೆಯಲು ಅದು ಬೇಕು, ಬೆಳೆ ವಿಮೆಯ ಅರ್ಜಿಗೆ ಬೇಕು, ಗೊಬ್ಬರದಂಗಡಿಗೆ ಹಣ ಕಳಿಸಲು ಬೇಕು, ಮಕ್ಕಳ ಓದಿಗೂ ಬೇಕು. ಅರ್ಜಿಯ ಕಡೆಯ ದಿನ ಸಂಜೆ ದಾಖಲೆಯ ಚಿತ್ರ ಅರ್ಧ ಏರಿ ನಿಂತರೆ, ಅಥವಾ ಫೋನಿಗೆ ಬಂದ ಒಟಿಪಿಯ ಅವಧಿ ಮುಗಿಯುವವರೆಗೂ ಪುಟ ತೆರೆಯದೆ ಹೋದರೆ, ಆ ವರ್ಷದ ವಿಮೆಯೇ ಕೈತಪ್ಪಬಹುದು. ಇದು ಸಣ್ಣ ತೊಂದರೆಯಲ್ಲ.

ಇಂಥ ಸಂದರ್ಭದಲ್ಲಿ ನಮ್ಮಲ್ಲಿ ಹಲವರು ಮಾಡುವ ಕೆಲಸ ಎರಡು. ಒಂದು, ಹೆಚ್ಚು ಹಣ ಕೊಟ್ಟು ಹೆಚ್ಚು ವೇಗದ ಪ್ಲಾನ್ ಹಾಕಿಸುವುದು. ಇನ್ನೊಂದು, ಹೊಸ ರೂಟರ್ ಕೊಳ್ಳುವುದು. ಎರಡರಲ್ಲೂ ಹಣ ಖರ್ಚಾಗುತ್ತದೆ, ತೊಂದರೆ ಮಾತ್ರ ಅನೇಕ ವೇಳೆ ಹಾಗೆಯೇ ಉಳಿಯುತ್ತದೆ. ಏಕೆಂದರೆ ರೋಗ ಎಲ್ಲಿದೆ ಎಂದು ನೋಡದೆ ಔಷಧ ಹೊಡೆದಂತಾಯಿತು. ರೋಗದ ಜಾಗವನ್ನು ಮೊದಲು ಗುರುತಿಸುವ ಕ್ರಮವನ್ನು ಈ ಪಾಠದಲ್ಲಿ ತಿಳಿಸಲಾಗಿದೆ. ಇದಕ್ಕೆ ಹಣ ಬೇಕಿಲ್ಲ. ಒಂದು ಲ್ಯಾಪ್‌ಟಾಪ್, ಒಂದು ಮೊಳದ ಲ್ಯಾನ್ ತಂತಿ, ಒಂದು ನೋಟ್‌ಬುಕ್ಕು, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಪ್ಯಾಕೆಟ್ ಎಂದರೇನು?

ಹೊಗೆಸೊಪ್ಪು ಬೆಳೆಯುವವರು ತಮ್ಮ ಮಾಲನ್ನೆಲ್ಲ ಒಂದೇ ಮೂಟೆಯಾಗಿ ಹರಾಜು ಕಟ್ಟೆಗೆ ಒಯ್ಯುವುದಿಲ್ಲ. ಬೇಲುಗಳಾಗಿ ಕಟ್ಟಿ ಒಯ್ಯುತ್ತಾರೆ. ಇಂಟರ್‌ನೆಟ್ಟಿನ ವ್ಯವಹಾರವೂ ಹೀಗೆಯೇ. ನೀವು ಕಳಿಸುವ ಚಿತ್ರವಾಗಲಿ, ನಿಮಗೆ ಬರುವ ಪಹಣಿಯಾಗಲಿ ಸಣ್ಣ ಸಣ್ಣ ಕಟ್ಟುಗಳಾಗಿ ಒಡೆದು ಸಾಗುತ್ತದೆ. ಈ ಕಟ್ಟಿಗೆ ಪ್ಯಾಕೆಟ್ ಎಂದು ಹೆಸರು. ಒಂದು ಪ್ಯಾಕೆಟ್ಟು ಸಾಮಾನ್ಯವಾಗಿ ಹೆಚ್ಚೆಂದರೆ 1,500 ಬೈಟ್ ಇರುತ್ತದೆ. ಹೀಗಾಗಿ 3 ಎಂಬಿಯ ಒಂದು ಚಿತ್ರಕ್ಕೆ ಸುಮಾರು 2,000 ಪ್ಯಾಕೆಟ್ಟುಗಳು ಬೇಕು. ದಾರಿಯಲ್ಲಿ 100ಕ್ಕೆ 2 ಕಳೆದುಹೋದರೂ ಒಂದು ಚಿತ್ರಕ್ಕೆ 40 ಪ್ಯಾಕೆಟ್ಟು ಕಳೆದಂತಾಯಿತು.

ಕಳೆದುಹೋದ ಪ್ಯಾಕೆಟ್ಟನ್ನು ಕಂಪ್ಯೂಟರು ಮತ್ತೆ ಕಳಿಸುತ್ತದೆ, ನಿಜ. ಆದರೆ ಅದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ದಾರಿಯಲ್ಲಿ ನೂಕುನುಗ್ಗಲು ಇರಬೇಕೆಂದು ತಿಳಿದು ತನ್ನ ವೇಗವನ್ನೇ ಇಳಿಸಿಕೊಳ್ಳುತ್ತದೆ. ಈ ನಡತೆಗೆ ಒಂದು ಹಿನ್ನೆಲೆ ಉಂಟು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅದರಿಂದ 400 ಗಜ ದೂರದ ವಿಶ್ವವಿದ್ಯಾಲಯಕ್ಕೂ ಇದ್ದ ಸಂಪರ್ಕ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಕಳೆದುದನ್ನೆಲ್ಲ ಯಂತ್ರಗಳು ಒಮ್ಮೆಗೇ ಮತ್ತೆ ಮತ್ತೆ ಕಳಿಸುತ್ತ ದಾರಿಯನ್ನೇ ಕಟ್ಟಿಹಾಕಿದ್ದವು. ವ್ಯಾನ್ ಜೇಕಬ್‌ಸನ್ ಎಂಬ ವಿಜ್ಞಾನಿ ಇದರ ಕಾರಣ ಹುಡುಕಿ, ಪ್ಯಾಕೆಟ್ಟು ಕಳೆದರೆ ನಿಧಾನಿಸಬೇಕು ಎಂಬ ಕ್ರಮವನ್ನು ರೂಪಿಸಿ 1988ರಲ್ಲಿ ಪ್ರಕಟಿಸಿದರು. ಲೋಕದ ಇಂಟರ್‌ನೆಟ್ ಇಂದಿಗೂ ನಿಂತಿರುವುದು ಈ ಬಗೆಯ ಸಂಯಮದ ಮೇಲೆ. ಆದರೆ ನಿಮ್ಮ ಮನೆಯ ತಂತಿ ಸಡಿಲವಾಗಿ ಪ್ಯಾಕೆಟ್ಟು ಕಳೆದರೂ ಕಂಪ್ಯೂಟರು ಅದನ್ನು ನೂಕುನುಗ್ಗಲೆಂದೇ ತಿಳಿದು ನಿಧಾನವಾಗುವುದುಂಟು. ಸಣ್ಣ ಸೋರಿಕೆಗೆ ದೊಡ್ಡ ತೊಂದರೆಯಾಗುವುದು ಹೀಗೆ.

ಫೋನಿನಲ್ಲಿ ಮುಖ ನೋಡಿ ಮಾತಾಡುವಾಗ ಕಥೆ ಬೇರೆ. ಅಲ್ಲಿ ಕಳೆದುದನ್ನು ಮತ್ತೆ ಕಳಿಸಲು ಹೊತ್ತಿರುವುದಿಲ್ಲ. ಆದುದರಿಂದ ಮಾತು ತುಂಡಾಗುತ್ತದೆ, ಮುಖ ಕಲ್ಲಿನಂತೆ ನಿಲ್ಲುತ್ತದೆ.

ವೇಗ ಬೇರೆ, ನಷ್ಟ ಬೇರೆ

ಗದ್ದೆಯ ಬದುವಿನಲ್ಲಿ ಏಡಿ ಬಿಲ ತೋಡಿದ್ದರೆ ಕಾಲುವೆಯನ್ನು ಅಗಲ ಮಾಡಿ ಪ್ರಯೋಜನವಿಲ್ಲ. ಎಷ್ಟು ನೀರು ಬಿಟ್ಟರೂ ಬಿಲದಲ್ಲಿ ಹೋಗುತ್ತಲೇ ಇರುತ್ತದೆ. ಪ್ಲಾನಿನ ವೇಗವೆಂದರೆ ಕಾಲುವೆಯ ಅಗಲ. ಪ್ಯಾಕೆಟ್ ನಷ್ಟವೆಂದರೆ ಬದುವಿನ ಬಿಲ. 40 ಎಂಬಿಪಿಎಸ್ ಪ್ಲಾನನ್ನು 100ಕ್ಕೆ ಏರಿಸಿದರೂ ಸಡಿಲ ತಂತಿ ಸಡಿಲವಾಗಿಯೇ ಇರುತ್ತದೆ. ಮೊದಲು ಬಿಲವನ್ನು ಹುಡುಕಿ ಮುಚ್ಚತಕ್ಕದ್ದು. ಕಾಲುವೆಯ ಅಗಲದ ಮಾತು ಆಮೇಲೆ.

ದಾರಿಯ ನಾಲ್ಕು ತುಂಡುಗಳು

ನಮ್ಮ ಹ್ಯಾಂಡ್‌ಪೋಸ್ಟಿನ ಹೆಸರಿನ ಅರ್ಥವೇ ಕೈಮರ, ಅಂದರೆ ದಾರಿ ತೋರಿಸುವ ಕಂಬ. ಮೈಸೂರಿನಿಂದ ಬಂದವರು ಅಲ್ಲಿ ನಿಂತು ಕೋಟೆಗೆ ಯಾವ ಕಡೆ, ಸರಗೂರಿಗೆ ಯಾವ ಕಡೆ, ಮಾನಂದವಾಡಿಗೆ ಯಾವ ಕಡೆ ಎಂದು ನೋಡಿ ಮುಂದೆ ಹೋಗುತ್ತಾರೆ. ರೂಟರ್ ಎಂಬ ಪೆಟ್ಟಿಗೆಯೂ ಒಂದು ಕೈಮರವೇ. ಪ್ರತಿ ಪ್ಯಾಕೆಟ್ಟಿನ ಮೇಲಿನ ವಿಳಾಸ ನೋಡಿ ದಾರಿ ತೋರಿಸುವುದು ಅದರ ಕೆಲಸ. ನಿಮ್ಮ ಮನೆಯಲ್ಲಿ ಒಂದು ಕೈಮರವಿದೆ, ಕಂಪನಿಯ ದಾರಿಯಲ್ಲಿ ಇನ್ನೂ ಹಲವು ಇವೆ. ಪರೀಕ್ಷೆಗಾಗಿ ಈ ದಾರಿಯನ್ನು ನಾಲ್ಕು ತುಂಡು ಮಾಡಿಕೊಳ್ಳಿ:

1. ಫೋನ್ ಅಥವಾ ಕಂಪ್ಯೂಟರಿನಿಂದ ಮನೆಯ ರೂಟರಿನವರೆಗೆ.
2. ರೂಟರ್ ಪೆಟ್ಟಿಗೆ ಮತ್ತು ಅದರ ವಿದ್ಯುತ್ ಅಡಾಪ್ಟರ್.
3. ಮನೆಯಿಂದ ಕಂಬಕ್ಕೆ, ಅಲ್ಲಿಂದ ಕಂಪನಿಯ ಮೊದಲ ಉಪಕರಣಕ್ಕೆ ಹೋಗುವ ಬೆಳಕಿನ ತಂತಿ, ಅಂದರೆ ಫೈಬರ್.
4. ಕಂಪನಿಯ ಉಪಕರಣದಿಂದ ಮುಂದಕ್ಕೆ, ಹೊರಗಿನ ಲೋಕಕ್ಕೆ.

ಮೊದಲ ಎರಡು ತುಂಡುಗಳ ಪಹರೆ ಮನೆಯವರದು. ಕೊನೆಯ ಎರಡು ಕಂಪನಿಯವರ ಜವಾಬ್ದಾರಿ. ಬಿಲ ಯಾವ ತುಂಡಿನಲ್ಲಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಪರೀಕ್ಷೆ ಮಾಡುವ ಕ್ರಮ

ಬಿತ್ತನೆಗೆ ಮುಂಚೆ 100 ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿಟ್ಟು, ಎಷ್ಟು ಮೊಳೆತವೆಂದು ನೋಡುವ ಕ್ರಮ ನಿಮಗೆ ತಿಳಿದದ್ದೇ. ಇಲ್ಲಿಯೂ 100 ಪ್ಯಾಕೆಟ್ಟು ಕಳಿಸಿ ಎಷ್ಟು ಹಿಂತಿರುಗಿದವೆಂದು ಎಣಿಸುವುದು. ಈ ಕೆಲಸಕ್ಕೆ ಪಿಂಗ್ ಎಂಬ ಸಾಧನವಿದೆ. 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮೂಸ್ ಎಂಬಾತ ಇದನ್ನು ಬರೆದರು. ಜಲಾಂತರ್ಗಾಮಿಯನ್ನು ಶಬ್ದದ ಮರುದನಿಯಿಂದ ಹುಡುಕುವ ಯಂತ್ರದ ಸದ್ದಿನ ಮೇಲೆ ಆ ಹೆಸರು ಬಂತು. ಇದು ಎಲ್ಲ ವಿಂಡೋಸ್ ಕಂಪ್ಯೂಟರುಗಳಲ್ಲೂ ಇದೆ, ಬೇರೆ ಕೊಳ್ಳಬೇಕಾಗಿಲ್ಲ.

ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಪರದೆಯನ್ನು ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಪಿಂಗ್ ಎಂದು ಹೊಡೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು ಅದಕ್ಕೆ ಅಂಟಿದಂತೆ ‘ಎನ್’ ಅಕ್ಷರ, ಮತ್ತೆ ಜಾಗ, 100, ಮತ್ತೆ ಜಾಗ, ಆಮೇಲೆ ವಿಳಾಸ ಹೊಡೆಯಿರಿ. ಕಾಲೇಜಿಗೆ ಹೋಗುವ ಮಗಳೋ ಮಗನೋ ಮನೆಯಲ್ಲಿದ್ದರೆ ಅವರಿಗೇ ವಹಿಸಬಹುದು. 100 ಪ್ಯಾಕೆಟ್ಟು ಹೋಗಿಬರಲು ಎರಡು ನಿಮಿಷ ಸಾಕು. ಕೊನೆಯಲ್ಲಿ ಎಷ್ಟು ಕಳಿಸಿತು, ಎಷ್ಟು ಬಂತು, ಎಷ್ಟು ಕಳೆಯಿತು ಎಂದು ಲೆಕ್ಕ ತೋರಿಸುತ್ತದೆ. ಕಳೆದ ಸಂಖ್ಯೆಯನ್ನು ಬರೆದುಕೊಳ್ಳಿ.

ಪರೀಕ್ಷೆಯ ಹೊತ್ತಿನಲ್ಲಿ ಮನೆಯ ಬೇರೆ ಫೋನು, ಟಿವಿಗಳ ಇಂಟರ್‌ನೆಟ್ಟನ್ನು ನಿಲ್ಲಿಸಿರಬೇಕು. ಇಲ್ಲವಾದರೆ ನಿಮ್ಮದೇ ನೂಕುನುಗ್ಗಲು ಲೆಕ್ಕವನ್ನು ಕೆಡಿಸುತ್ತದೆ.

ಮೊದಲನೆಯ ಪರೀಕ್ಷೆ: ಲ್ಯಾಪ್‌ಟಾಪನ್ನು ಲ್ಯಾನ್ ತಂತಿಯಿಂದ ರೂಟರಿಗೆ ಸೇರಿಸಿ, ವೈಫೈ ಆರಿಸಿ, ರೂಟರಿನ ವಿಳಾಸಕ್ಕೆ ಪಿಂಗ್ ಮಾಡಿ. ವಿಳಾಸವನ್ನು ರೂಟರಿನ ತಳದ ಚೀಟಿಯಲ್ಲಿ ನೋಡಿ. ಅನೇಕ ಪೆಟ್ಟಿಗೆಗಳಲ್ಲಿ ಅದು 192.168.1.1 ಎಂದಿರುತ್ತದೆ.

ಎರಡನೆಯ ಪರೀಕ್ಷೆ: ತಂತಿ ತೆಗೆದು, ನೀವು ಎಂದಿನಂತೆ ಕೂರುವ ಜಾಗದಲ್ಲಿ ಕುಳಿತು, ವೈಫೈ ಮೂಲಕ ಅದೇ ವಿಳಾಸಕ್ಕೆ ಪಿಂಗ್ ಮಾಡಿ.

ಮೂರನೆಯ ಪರೀಕ್ಷೆ: ಮತ್ತೆ ತಂತಿ ಸೇರಿಸಿ, ವೈಫೈ ಆರಿಸಿ, ಹೊರಗಿನ ವಿಳಾಸಕ್ಕೆ ಪಿಂಗ್ ಮಾಡಿ. ಗೂಗಲ್ ಕಂಪನಿಯ 8.8.8.8 ಮತ್ತು ಕ್ಲೌಡ್‌ಫ್ಲೇರ್ ಕಂಪನಿಯ 1.1.1.1 ಎಂಬ ವಿಳಾಸಗಳು ಇದಕ್ಕೆ ಅನುಕೂಲ. ಎರಡಕ್ಕೂ ಮಾಡಿ. ಒಂದರಲ್ಲೇ ನಷ್ಟ ಕಂಡರೆ ದೋಷ ಆ ಕಡೆಯ ದಾರಿಯದು. ಎರಡರಲ್ಲೂ ಕಂಡರೆ ನಿಮ್ಮ ಕಡೆಯ ದಾರಿಯದು.

ಲೆಕ್ಕ ಓದುವ ಬಗೆ

ತಿಳಿವಳಿಕೆಗಾಗಿ ಮೂರು ಮನೆಗಳ ಲೆಕ್ಕವನ್ನು ಊಹಿಸಿಕೊಳ್ಳೋಣ.

ಮನೆ (ಅ): ಒಂದನೆಯದರಲ್ಲಿ ಕಳೆದದ್ದು 0, ಎರಡನೆಯದರಲ್ಲಿ 9, ಮೂರನೆಯದರಲ್ಲಿ 0. ಇಲ್ಲಿ ದೋಷ ವೈಫೈನಲ್ಲಿದೆ. ಕಂಪನಿಗೆ ದೂರಿ ಫಲವಿಲ್ಲ.

ಮನೆ (ಆ): 0, 0, 7. ಮನೆಯೊಳಗೆ ಎಲ್ಲವೂ ಸರಿಯಿದೆ. ಬಿಲ ಹೊರಗಿನ ಫೈಬರಿನಲ್ಲೋ ಕಂಪನಿಯ ದಾರಿಯಲ್ಲೋ ಇದೆ. ರೂಟರಿನ ಹೊರಮುಖದ ದೋಷವೂ ಒಮ್ಮೊಮ್ಮೆ ಹೀಗೆ ಕಾಣಬಹುದು. ಪೆಟ್ಟಿಗೆ ಕಂಪನಿಯದೇ ಆಗಿದ್ದರೆ ಎರಡನ್ನೂ ನೋಡಬೇಕಾದವರು ಅವರೇ.

ಮನೆ (ಇ): 5, 6, 8. ಒಂದು ಮೊಳ ತಂತಿಯಲ್ಲೇ ಪ್ಯಾಕೆಟ್ಟು ಕಳೆಯುತ್ತಿದೆ. ಮೊದಲು ಲ್ಯಾನ್ ತಂತಿ ಬದಲಿಸಿ, ರೂಟರಿನ ಬೇರೆ ತೂತಿಗೆ ಸಿಕ್ಕಿಸಿ, ಸಾಧ್ಯವಾದರೆ ಬೇರೆ ಲ್ಯಾಪ್‌ಟಾಪಿನಿಂದ ನೋಡಿ. ಇಷ್ಟಾದರೂ ನಷ್ಟ ಹೋಗದಿದ್ದರೆ ರೂಟರಿನ ಅಥವಾ ಅಡಾಪ್ಟರಿನ ದೋಷ.

ನೂರಕ್ಕೆ ಒಂದು ಒಮ್ಮೆ ಕಳೆದರೆ ಗಾಬರಿ ಬೇಡ. ಮತ್ತೆ ಮಾಡಿ, ಬೇಕಾದರೆ 100ರ ಬದಲು 1,000 ಹೊಡೆಯಿರಿ. ಸುಮಾರು 17 ನಿಮಿಷ ಹಿಡಿಯುತ್ತದೆ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2006ರ ತನ್ನ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮಗಳಲ್ಲಿ ತಂತಿಯ ಸಂಪರ್ಕದ ಪ್ಯಾಕೆಟ್ ನಷ್ಟ ಶೇಕಡಾ 1ಕ್ಕಿಂತ ಕಡಿಮೆ ಇರಬೇಕೆಂದು ಗೊತ್ತುಮಾಡಿತ್ತು. 2024ರಲ್ಲಿ ಹೊಸ ನಿಯಮಗಳು ಬಂದಿವೆ. ಆದರೂ ಮನೆಯ ಪರೀಕ್ಷೆಗೆ ಈ ಒಂದರ ಗೆರೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ದಾರಿಯ ನಡುವಿನ ಕೈಮರಗಳನ್ನು ಒಂದೊಂದಾಗಿ ತೋರಿಸುವ ಟ್ರೇಸ್‌ರೂಟ್ ಎಂಬ ಸಾಧನವೂ ಇದೆ. ಅದರಲ್ಲಿ ನಡುವಿನ ಒಂದು ಸಾಲಿಗೆ ಉತ್ತರದ ಬದಲು ನಕ್ಷತ್ರ ಗುರುತು ಬಂದರೆ, ಅಲ್ಲಿಯೇ ದೋಷವೆಂದು ಕೂಡಲೆ ಹೇಳಬೇಡಿ. ಪ್ಯಾಕೆಟ್ಟುಗಳಿಗೆ ದಾರಿ ತೋರಿಸುವುದರಲ್ಲಿ ಮುಳುಗಿದ ಕೈಮರ ನಿಮ್ಮ ಕುಶಲಪ್ರಶ್ನೆಗೆ ಓಗೊಡದೆ ಇರಬಹುದು. ಅದರ ಮುಂದಿನ ಸಾಲುಗಳು ಸರಿಯಾಗಿ ಉತ್ತರ ಕೊಟ್ಟರೆ ದಾರಿ ಸರಿಯಿದೆ. ಕೊನೆಯವರೆಗೂ ಮುಂದುವರಿಯುವ ನಷ್ಟವೇ ನಿಜವಾದ ನಷ್ಟ.

ಯಾವ ಹೊತ್ತಿನಲ್ಲಿ ಬರುತ್ತದೆ?

ಬಂದು ಹೋಗುವ ದೋಷವನ್ನು ಹಿಡಿಯಲು ಒಂದು ಪರೀಕ್ಷೆ ಸಾಲದು. ಒಂದು ವಾರ ಕಾಲ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಸಲ ಲೆಕ್ಕ ತೆಗೆದು, ಹವೆ ಹೇಗಿತ್ತು, ವಿದ್ಯುತ್ ಹೇಗಿತ್ತು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಹಾಲಿನ ಲೆಕ್ಕ ಬರೆದಂತೆ ಬರೆದರೆ ಸಾಕು. ಏಳು ದಿನದಲ್ಲಿ ದೋಷ ತನ್ನ ಗುಣವನ್ನು ತಾನೇ ಹೇಳುತ್ತದೆ.

ಮಳೆ ಬಿದ್ದ ದಿನ ಮಾತ್ರ ನಷ್ಟವಾದರೆ ಹೊರಗಿನ ಜೋಡಣೆಯ ಡಬ್ಬಿಗೆ ನೀರು ಹೋಗುತ್ತಿರಬಹುದು. ಗಾಳಿಗೆ ಹೆಚ್ಚಾದರೆ ಕಂಬದ ತಂತಿ ಜೋತು ಎಳೆದಾಡುತ್ತಿರಬಹುದು, ಮರದ ಕೊಂಬೆ ಒತ್ತುತ್ತಿರಬಹುದು, ಕೋತಿಗಳು ಜಗ್ಗಿರಬಹುದು. ಪಂಪ್‌ಸೆಟ್ಟು ಶುರುವಾದಾಗ ನಷ್ಟವಾದರೆ ವೋಲ್ಟೇಜು ಕುಸಿದು ರೂಟರು ತತ್ತರಿಸುತ್ತಿದೆ. ಮಟಮಟ ಮಧ್ಯಾಹ್ನವಾದರೆ ಶೀಟಿನ ಮಾಡಿನ ಕೆಳಗೆ ರೂಟರು ಕಾಯುತ್ತಿರಬಹುದು. ದಿನವೂ ರಾತ್ರಿ 7ರಿಂದ 10ರವರೆಗೆ ಮಾತ್ರವಾದರೆ, ಊರೆಲ್ಲ ಒಟ್ಟಿಗೆ ಬಳಸುವಾಗ ಕಂಪನಿಯ ಕಾಲುವೆ ಸಾಲುತ್ತಿಲ್ಲವೆಂದು ಅರ್ಥ.

ಮನೆಯಲ್ಲಿ ಯಾರಾದರೂ ವಿಡಿಯೋ ಕಳಿಸುವಾಗಲೆಲ್ಲ ನಷ್ಟವಾದರೆ ಅದು ದೋಷವಲ್ಲ, ನಿಮ್ಮ ಬಳಕೆ ನಿಮ್ಮ ಕಾಲುವೆಯನ್ನು ತುಂಬಿದೆ ಎಂದಷ್ಟೇ. ಹೆಚ್ಚು ವೇಗದ ಪ್ಲಾನಿನಿಂದ ಪ್ರಯೋಜನವಾಗುವುದು ಈ ಒಂದು ಸಂದರ್ಭದಲ್ಲಿ. ಆದರೆ ಅರ್ಜಿ ಸಲ್ಲಿಸುವ ಅರ್ಧ ಗಂಟೆ ಬೇರೆಯವರು ತಡೆದುಕೊಂಡರೆ ಅದೂ ಬೇಕಿಲ್ಲ.

ನಿಮ್ಮ ಕೈಯಲ್ಲೇ ಇರುವ ಪರಿಹಾರಗಳು

ದೋಷ ವೈಫೈನಲ್ಲಿದ್ದರೆ: ರೂಟರನ್ನು ಮೂಲೆಯಿಂದ, ಬೀರುವಿನ ಒಳಗಿಂದ ತೆಗೆದು ಮನೆಯ ನಡುವೆ, ಎದೆಯೆತ್ತರಕ್ಕೆ ಇಡಿ. ದಪ್ಪ ಮಣ್ಣಿನ ಗೋಡೆ, ತಗಡಿನ ಬಾಗಿಲು, ನೀರಿನ ತೊಟ್ಟಿ ಇವು ವೈಫೈ ಅಲೆಗಳನ್ನು ತಡೆಯುತ್ತವೆ. ರೂಟರಿನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆ ಇದ್ದರೆ, ಅದೇ ಕೋಣೆಯಲ್ಲಿ 5 ಉತ್ತಮ, ಗೋಡೆಯಾಚೆಗೆ 2.4 ದೂರ ಹೋಗುತ್ತದೆ. ಅಕ್ಕಪಕ್ಕದ ಮನೆಗಳ ವೈಫೈ ಒಂದೇ ಚಾನೆಲಿನಲ್ಲಿದ್ದರೆ ಒಂದಕ್ಕೊಂದು ಅಡ್ಡ ಬರುತ್ತವೆ. 2.4ರಲ್ಲಿ 1, 6, 11 ಈ ಮೂರರಲ್ಲಿ ಖಾಲಿಯಿರುವುದನ್ನು ಆರಿಸಿ. ಮುಖ್ಯವಾದ ಅರ್ಜಿ ಹಾಕುವಾಗ ತಂತಿಯಿಂದಲೇ ಮಾಡುವುದು ಎಲ್ಲಕ್ಕಿಂತ ಕ್ಷೇಮ.

ದೋಷ ವಿದ್ಯುತ್ತಿನದಾಗಿದ್ದರೆ: ರೂಟರಿಗೆಂದೇ ದೊರೆಯುವ ಚಿಕ್ಕ ಯುಪಿಎಸ್ ಹಾಕಿ. ಅಡಾಪ್ಟರು ಬದಲಿಸುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಹಳೆಯದರಷ್ಟು ಅಥವಾ ಹೆಚ್ಚು ಇರಬಹುದು. ಮುಂಗಾರಿಗೆ ಮುಂಚಿನ ಗುಡುಗು ಮಳೆಗಳ ಕಾಲದಲ್ಲಿ, ಸಿಡಿಲು ದೂರದಲ್ಲಿರುವಾಗಲೇ ರೂಟರಿನ ಪ್ಲಗ್ಗನ್ನು ಕಿತ್ತಿಡಿ.

ಫೈಬರ್ ತಂತಿಯ ಬಗ್ಗೆ: ಇದು ತಾಮ್ರವಲ್ಲ, ಗಾಜಿನ ಎಳೆ. ಹೆಂಗಸರ ಕೈಬಳೆಯ ಸುತ್ತಿಗಿಂತ ಚಿಕ್ಕದಾಗಿ ಮಡಿಸಿದರೆ ಬೆಳಕು ಪಕ್ಕಕ್ಕೆ ಸೋರುತ್ತದೆ. ಬಾಗಿಲ ಸಂದಿನಲ್ಲಿ ಸಿಕ್ಕಿಸಬೇಡಿ, ಮೊಳೆಗೆ ಬಿಗಿದು ಕಟ್ಟಬೇಡಿ, ಹೊಗೆಸೊಪ್ಪಿನ ಬ್ಯಾರನ್ನಿನ ಬಿಸಿಗೆ ತಾಗದಂತೆ ಎಳೆಯಿರಿ. ಬಿಚ್ಚಿದ ತುದಿಯೊಳಗೆ ಎಂದೂ ಕಣ್ಣಿಟ್ಟು ನೋಡಬೇಡಿ. ಅದರಲ್ಲಿ ಹರಿಯುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಅಪಾಯ. ಮಕ್ಕಳಿಗೂ ಇದನ್ನು ಹೇಳಿ.

ಪೆಟ್ಟಿಗೆಯ ಮೇಲೆ ‘ಲಾಸ್’ ಎಂಬ ಕೆಂಪು ದೀಪ ಮಿಣುಕಿದರೆ ಬೆಳಕು ಬರುತ್ತಿಲ್ಲ. ಬೆಳಕು ಬಂದರೂ ಕ್ಷೀಣವಾಗಿದ್ದರೆ ಪ್ಯಾಕೆಟ್ಟು ಕಳೆಯುತ್ತದೆ. ಲೈನ್‌ಮನ್ ಬಂದಾಗ ಪವರ್ ಮೀಟರಿನಲ್ಲಿ ಬೆಳಕಿನ ಮಟ್ಟ ಎಷ್ಟೆಂದು ಕೇಳಿ ಬರೆದುಕೊಳ್ಳಿ. ಸಾಮಾನ್ಯವಾಗಿ ಮನೆಯ ಪೆಟ್ಟಿಗೆಗಳಿಗೆ ಅದು ಮೈನಸ್ 8ರಿಂದ ಮೈನಸ್ 27 ಡಿಬಿಎಮ್ ಒಳಗಿರಬೇಕು. ಮೈನಸ್ 20ರ ಸುಮಾರು ಒಳ್ಳೆಯದು, 27ರ ಅಂಚು ಅಪಾಯ. ಈ ಅಳತೆಯಲ್ಲಿ 3 ಇಳಿದರೆ ಬೆಳಕು ಅರ್ಧವಾಯಿತೆಂದು ತಿಳಿಯಿರಿ.

ಕಾಡಂಚಿನ ಊರುಗಳಲ್ಲಿ ಮೊಬೈಲ್ ಸಿಮ್ಮಿನಿಂದಲೇ ಇಂಟರ್‌ನೆಟ್ ಪಡೆಯುವವರೂ ಇದೇ ಕ್ರಮ ಅನುಸರಿಸಬಹುದು. ಅಲ್ಲಿ ಫೈಬರಿನ ಬದಲು ಟವರಿನ ಅಲೆ. ಪೆಟ್ಟಿಗೆಯನ್ನು ಟವರಿನ ಕಡೆಯ ಕಿಟಕಿಗೆ, ಎತ್ತರಕ್ಕೆ ಸರಿಸಿ, ಪ್ರತಿ ಜಾಗದಲ್ಲೂ ಮೂರನೆಯ ಪರೀಕ್ಷೆ ಮಾಡಿ, ಕಡಿಮೆ ಕಳೆಯುವ ಜಾಗವನ್ನು ಆರಿಸಿ.

ದೂರು ಬರೆಯುವ ಬಗೆ

ದೋಷ ಹೊರಗಿದೆಯೆಂದು ಲೆಕ್ಕ ಹೇಳಿದರೆ ಕಂಪನಿಗೆ ದೂರು ಕೊಡಿ. “ನೆಟ್ ಸರಿಯಿಲ್ಲ” ಎಂದಷ್ಟೇ ಹೇಳಿದರೆ “ರೂಟರ್ ಆಫ್ ಮಾಡಿ ಆನ್ ಮಾಡಿ” ಎಂಬ ಉತ್ತರ ಬರುತ್ತದೆ. ಅಂಕಿಗಳಿರುವ ದೂರನ್ನು ಹಾಗೆ ತಳ್ಳಿಹಾಕುವುದು ಕಷ್ಟ. ಮಾದರಿ ಹೀಗಿದೆ:

“ನಮ್ಮ ಸಂಪರ್ಕ ಸಂಖ್ಯೆ ……. ದಿನಾಂಕ …… ರಿಂದ …… ರವರೆಗೆ ಏಳು ದಿನ ಪರೀಕ್ಷಿಸಲಾಗಿದೆ. ಲ್ಯಾನ್ ತಂತಿಯಿಂದ ರೂಟರಿನವರೆಗೆ 100ಕ್ಕೆ 0 ನಷ್ಟ. ಅದೇ ತಂತಿಯಿಂದ 8.8.8.8 ಮತ್ತು 1.1.1.1 ವಿಳಾಸಗಳಿಗೆ 100ಕ್ಕೆ …… ನಷ್ಟ. ಮಳೆ ಬಂದ …… ದಿನಗಳಲ್ಲಿ ಹೆಚ್ಚು. ಮನೆಯೊಳಗೆ ದೋಷವಿಲ್ಲ. ದಯಮಾಡಿ ಬೆಳಕಿನ ಮಟ್ಟವನ್ನೂ ಹೊರಗಿನ ಜೋಡಣೆಗಳನ್ನೂ ಪರೀಕ್ಷಿಸಬೇಕು.”

ದೂರು ಕೊಟ್ಟ ಕೂಡಲೆ ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಟ್ರಾಯ್ 2012ರಲ್ಲಿ ಮಾಡಿದ ದೂರು ಪರಿಹಾರದ ನಿಯಮಗಳ ಪ್ರಕಾರ ಇದು ಗ್ರಾಹಕರ ಹಕ್ಕು. ಪರಿಹಾರ ತೃಪ್ತಿಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಅರ್ಜಿ ಹಾಕಬಹುದು. ಆಗ ಈ ದೂರಿನ ಸಂಖ್ಯೆ ಬೇಕಾಗುತ್ತದೆ. ಒಂದೇ ಬೀದಿಯ ನಾಲ್ಕು ಮನೆಯವರು ಒಂದೇ ವಾರ ಲೆಕ್ಕ ತೆಗೆದು ಒಟ್ಟಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ನಾಲ್ಕು ಮನೆಗಳಲ್ಲೂ ಒಂದೇ ಹೊತ್ತಿನಲ್ಲಿ ನಷ್ಟವಾದರೆ ದೋಷ ಯಾರ ಮನೆಯದೂ ಅಲ್ಲ, ಎಲ್ಲರಿಗೂ ಸೇರಿದ ದಾರಿಯದು ಎಂಬುದು ಖಚಿತವಾಗುತ್ತದೆ.

ನೆನಪಿಡತಕ್ಕ ಅಂಶಗಳು

1. ಮೊದಲು ಅಳತೆ, ಆಮೇಲೆ ಖರ್ಚು.
2. ಪರೀಕ್ಷೆಯನ್ನು ಮನೆಯೊಳಗಿನಿಂದ ಹೊರಗೆ, ಒಂದೊಂದೇ ತುಂಡಾಗಿ ಮಾಡಿ.
3. ಒಮ್ಮೆಗೆ ಒಂದನ್ನೇ ಬದಲಿಸಿ, ಬದಲಿಸಿದ ಮೇಲೆ ಮತ್ತೆ ಎಣಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.
4. ಹೊತ್ತು, ಹವೆ, ವಿದ್ಯುತ್ತು ಮೂರನ್ನೂ ಬರೆದಿಡಿ.
5. ಅರ್ಜಿಯ ಕಡೆಯ ದಿನದವರೆಗೆ ಕಾಯಬೇಡಿ. ದಾರಿ ಸರಿಯಿರುವ ಬೆಳಗಿನ ಹೊತ್ತಿನಲ್ಲಿ, ಎರಡು ದಿನ ಮುಂಚೆಯೇ ಸಲ್ಲಿಸಿ.

ಅಭ್ಯಾಸ

1. ಒಂದು ಮನೆಯಲ್ಲಿ ಮೂರು ಪರೀಕ್ಷೆಗಳ ನಷ್ಟ ಕ್ರಮವಾಗಿ 0, 12, 1. ಹೊಸ ಪ್ಲಾನು ಹಾಕಿಸಬೇಕೇ, ರೂಟರಿನ ಜಾಗ ಬದಲಿಸಬೇಕೇ?
2. ನಷ್ಟ 0, 0, 6. ಮಳೆಯ ದಿನ ಮಾತ್ರ. ದೂರಿನಲ್ಲಿ ಏನೇನು ಬರೆಯಬೇಕು?
3. ನಿಮ್ಮ ಮನೆಯ ರೂಟರಿನ ತಳದ ಚೀಟಿಯಲ್ಲಿರುವ ವಿಳಾಸವನ್ನು ಈ ದಿನವೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

ಈ ಲೆಕ್ಕವನ್ನು ಒಂದು ಮನೆಯವರು ಕಲಿತು ಪಕ್ಕದ ಮನೆಯವರಿಗೆ ಹೇಳಿಕೊಟ್ಟರೆ, ಒಂದು ಹಂಗಾಮಿನೊಳಗೆ ಊರಿಗೆಲ್ಲ ತಿಳಿದಂತಾಗುತ್ತದೆ. ಬದುವಿನ ಬಿಲವನ್ನು ಹುಡುಕಲು ನಾವು ಯಾರನ್ನೂ ಪೇಟೆಯಿಂದ ಕರೆಸುವುದಿಲ್ಲ. ಇದೂ ಅಷ್ಟೇ ನಮ್ಮ ಕೈಯ ಕೆಲಸ.